‘ಅಕ್ಷಯಶಕ್ತಿ’ಯೆಂಬ ಹೆಸರೂ ಶಿವನಸಮುದ್ರದ ಚರಿತ್ರೆಯೂ

ಬಿಸಿಲು, ಗಾಳಿ, ಹರಿಯುವ ನೀರು ಮೊದಲಾದುವುಗಳಿಂದ ದೊರೆಯುವ ಶಕ್ತಿಯನ್ನು ಕೆಲವರು ‘ನವೀಕರಿಸಬಹುದಾದ ಶಕ್ತಿ’ಯೆಂದೂ, ಹಿಂದಿಯ ಮಾದರಿಯನ್ನನುಸರಿಸಿ ಮತ್ತೆ ಕೆಲವರು ‘ಅಕ್ಷಯಶಕ್ತಿ’ಯೆಂದೂ ಬರೆಯುತ್ತಿರುವರು. 2023ರಲ್ಲಿ ಪ್ರಪಂಚದ ವಿದ್ಯುತ್ತಿನಲ್ಲಿ ಸುಮಾರು ಶೇಕಡ 30 ಭಾಗವು ಇಂಥ ಮೂಲಗಳಿಂದ ಬಂದಿತು. ಅದರಲ್ಲಿಯೂ ಹೆಚ್ಚುಕಡಮೆ ಅರ್ಧ ನೀರಿನದು. ಇಷ್ಟು ಬೆಳೆದ ವಸ್ತುವಿಗೆ ಇಡುವ ಹೆಸರು ಅನ್ವರ್ಥವಾಗಿರಬೇಕಷ್ಟೆ. ಅಕ್ಷಯವೆಂದರೆ ಕ್ಷಯವಿಲ್ಲದುದು. ನಮ್ಮ ನಾಡಿನ ಚರಿತ್ರೆ ಈ ಹೆಸರಿಗೆ ಸಾಕ್ಷಿಯಾಗುವುದೇ ಎಂಬುದು ವಿಚಾರಣೀಯ.

ಶಿವನಸಮುದ್ರದಲ್ಲಿ ಕಾವೇರಿಯ ಪಾತದಿಂದ ಹುಟ್ಟಿದ ವಿದ್ಯುತ್ತು 1902ನೆಯ ಜೂನ್ ತಿಂಗಳಲ್ಲಿ 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಭಾರತದಲ್ಲಿ ಇದೇ ಮೊದಲ ಜಲವಿದ್ಯುತ್ತೆಂದು ಅಭಿಮಾನದಿಂದ ಬರೆಯುವವರುಂಟು, ಅದು ಸರಿಯಲ್ಲ. ದಾರ್ಜಿಲಿಂಗಿನಲ್ಲಿ 1897ರಲ್ಲಿಯೇ ಸಣ್ಣದೊಂದು ಕೇಂದ್ರವಿದ್ದಿತು. ಶಿವನಸಮುದ್ರದ ಹಿರಿಮೆ ವಿದ್ಯುತ್ತನ್ನು ಅಷ್ಟು ದೂರ ಸಾಗಿಸಿದುದರಲ್ಲಿದೆ. ಕಾರ್ಯವನ್ನು ಕೈಗೊಂಡ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು 1901ರಲ್ಲಿಯೇ ದಿವಂಗತರಾದುದರಿಂದ ಅದರ ಫಲವನ್ನು ಕಾಣಲಿಲ್ಲ. ಬೆಂಗಳೂರು ನಗರಕ್ಕೆ ದೀಪ ಬಂದುದು 1905ನೆಯ ಆಗಸ್ಟಿನಲ್ಲಿ. ನಾಡಿನ ನದಿ ಮೊದಲು ದುಡಿದುದು ಪರದೇಶದ ಕಂಪೆನಿಗಳ ಗಣಿಗಳಿಗೆ. ನಗರದ ಬೀದಿಗಳ ಸರದಿ ಮೂರು ವರ್ಷಗಳ ತರುವಾಯದ್ದು.

ಆದರೆ ನದಿ ಋತುಮತಿಯಾದ ವಸ್ತು. ಮುಂಗಾರಿನಲ್ಲಿ ಉಕ್ಕುವ ಕಾವೇರಿ ಬೇಸಗೆಯಲ್ಲಿ ಸೊರಗುವಳು. ಗಣಿಯ ಯಂತ್ರಗಳಿಗಾದರೋ ವರ್ಷದ ಹನ್ನೆರಡು ತಿಂಗಳೂ ಒಂದೇ ಹಸಿವು. ಬೇಡಿಕೆ ಬೆಳೆದಂತೆ ಈ ವೈಷಮ್ಯವೂ ಬೆಳೆಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ನಾವು ಇಂದು ಮಂಡ್ಯದ ಗದ್ದೆಗಳೊಡನೆ ನೆನೆಯುತ್ತೇವೆ. ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ನೀರನ್ನು ಒದಗಿಸುವುದು ಅದರ ಪ್ರಧಾನ ಪ್ರಯೋಜನಗಳಲ್ಲೊಂದಾಗಿದ್ದಿತೆಂಬುದನ್ನು ಮರೆಯುತ್ತೇವೆ. ಶಕ್ತಿಯು ಅಕ್ಷಯವೇ ಆಗಿದ್ದಲ್ಲಿ ಅದನ್ನು ಕೂಡಿಡುವ ಅಗತ್ಯವೆಲ್ಲಿಯದು? ಕಟ್ಟೆಯಿದ್ದರೂ ಮಳೆ ಬರಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯಗಳು ತುಂಬದೆ ಕರ್ನಾಟಕವು ವಿದ್ಯುತ್ತಿನ ಅಭಾವವನ್ನು ಅನುಭವಿಸಿತು. ರೈತರಿಂದ ಗುತ್ತಿಗೆಗೆ ಪಡೆದ ನೆಲದಲ್ಲಿ ಪಾವಗಡದ ಬಳಿ ನಿರ್ಮಿತವಾಗಿರುವ 2050 ಮೆಗಾವಾಟ್ ಸಾಮರ್ಥ್ಯದ ಸೌರಕ್ಷೇತ್ರಕ್ಕೆ ಮಳೆಯ ಹಂಗು ಅಷ್ಟಿಲ್ಲ. ಸೂರ್ಯಾಸ್ತದ ಹಂಗು ಪ್ರತಿದಿನವೂ ಉಂಟು.

ಆದುದರಿಂದ ‘ಪುನರ್ನವ’ವೆಂಬ ಶಬ್ದವು ಮೇಲೆಂದು ನಮಗೆ ತೋರುವುದು. ಆಯುರ್ವೇದದಲ್ಲಿ ಪುನರ್ನವೆಯೆಂದು ಪ್ರಸಿದ್ಧವಾದ ಗಿಡವನ್ನು ಕನ್ನಡದಲ್ಲಿ ಕೊಮ್ಮೆಯೆನ್ನುವರು. ಬೇಸಗೆಯಲ್ಲಿ ಅದರ ಬಳ್ಳಿ ಒಣಗಿಹೋಗುವುದು, ಬೇರು ಉಳಿದಿರುವುದು, ಮಳೆ ಬಿದ್ದೊಡನೆ ಮತ್ತೆ ಚಿಗುರುವುದು. ಕಾವೇರಿಯ ಸ್ವಭಾವವೂ ಇದೇ. ಹೆಸರು ವೈದ್ಯರ ಸೊತ್ತಾಗಿರುವುದರಿಂದ ಅರ್ಥಸಂಕರವಾದೀತೆಂದು ಆಕ್ಷೇಪಿಸಬಹುದು. ಗಿಡದ ಹೆಸರು ಸ್ತ್ರೀಲಿಂಗದಲ್ಲಿ ಒಂಟಿಯಾಗಿ ಬರುವುದು. ‘ಪುನರ್ನವಶಕ್ತಿ’ಯೆಂದು ಸಮಾಸಮಾಡಿದಲ್ಲಿ ಆ ಭ್ರಾಂತಿಗೆ ಎಡೆಯಿರದು.