‘ದಿ ಕಿಲ್ಲಿಂಗ್’: ಮೊದಲ ನೋಟದ ತೀರ್ಪು



ಚರಿತ್ರೆಯ ಪಾಠವನ್ನು ಇಸವಿಗಳ ಕ್ರಮದಲ್ಲಿಯೇ ಹೇಳಬೇಕು, ಉತ್ತರವನ್ನೂ ಅದೇ ಕ್ರಮದಲ್ಲಿ ಬರೆಯಿಸಬೇಕು ಎಂಬುದು ನನ್ನ ಅಧ್ಯಾಪನ ಜೀವನದುದ್ದಕ್ಕೂ ನಾನು ಬಿಡದೆ ಪಾಲಿಸಿದ ನಿಯಮ. ಆ ನಿಯಮದ ಬಗ್ಗೆ ನನ್ನಲ್ಲಿ ಸಂದೇಹ ಹುಟ್ಟಿಸಿದ್ದು ಯಾವ ಇತಿಹಾಸ ಗ್ರಂಥವೂ ಅಲ್ಲ, 1956ರಲ್ಲಿ ತೆರೆಕಂಡ ಒಂದು ಅಮೆರಿಕನ್ ಅಪರಾಧ ಚಿತ್ರ. ಹೆಸರು ‘ದಿ ಕಿಲ್ಲಿಂಗ್’. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್. ಚಿತ್ರ ತೆಗೆಯುವಾಗ ಆತನಿಗೆ ಇಪ್ಪತ್ತೇಳೇ ವರ್ಷ.

ಲಯನಲ್ ವೈಟ್ ಬರೆದ ‘ಕ್ಲೀನ್ ಬ್ರೇಕ್’ ಎಂಬ ಕಾದಂಬರಿ ಚಿತ್ರದ ಮೂಲ. ಸೆರೆಮನೆಯಿಂದ ಹೊರಬಂದ ಜಾನಿ ಕ್ಲೇ ಎಂಬವನು ಕುದುರೆ ಪಂದ್ಯದ ಮೈದಾನದಿಂದ ಇಪ್ಪತ್ತು ಲಕ್ಷ ಡಾಲರ್ ದೋಚುವ ಯೋಜನೆ ಹೂಡುತ್ತಾನೆ. ಈ ಪಾತ್ರ ಸ್ಟರ್ಲಿಂಗ್ ಹೇಡನ್ ಅವರದು. ಅವನ ಜೊತೆಗಾರರು ಕಸುಬಿನ ಕಳ್ಳರಲ್ಲ. ಒಬ್ಬ ಸಾಲದಲ್ಲಿ ಮುಳುಗಿದ ಪೊಲೀಸ್ ಪೇದೆ. ಇನ್ನೊಬ್ಬ ಕಾಯಿಲೆಯ ಹೆಂಡತಿಯನ್ನು ಸಾಕುತ್ತಿರುವ ಮದ್ಯದಂಗಡಿಯ ನೌಕರ. ಮತ್ತೊಬ್ಬ ಹೆಂಡತಿಯ ತಿರಸ್ಕಾರಕ್ಕೆ ಈಡಾದ ಜೂಜುಕಟ್ಟೆಯ ಗುಮಾಸ್ತ. ಪ್ರತಿಯೊಬ್ಬನಿಗೂ ಅವನದೇ ಆದ ಕೊರತೆ, ಅವನದೇ ಆದ ಆಸೆ. ಚಿತ್ರದ ಜೀವ ಇರುವುದು ಒಬ್ಬ ನಾಯಕನಲ್ಲಲ್ಲ, ಈ ಸಾಮಾನ್ಯರ ಗುಂಪಿನಲ್ಲಿ.

ಕುಬ್ರಿಕ್ ಈ ಕಥೆಯನ್ನು ನೇರವಾಗಿ ಹೇಳಲಿಲ್ಲ. ದರೋಡೆಯ ದಿನವನ್ನು ಒಬ್ಬೊಬ್ಬನ ಕಡೆಯಿಂದ ತೋರಿಸುತ್ತ, ಮತ್ತೆ ಮತ್ತೆ ಕಾಲವನ್ನು ಹಿಂದಕ್ಕೆ ಕೊಂಡೊಯ್ದನು. ಮೈದಾನದ ಧ್ವನಿವರ್ಧಕದಲ್ಲಿ ಏಳನೆಯ ಪಂದ್ಯದ ಘೋಷಣೆ ಪುನಃ ಕೇಳಿಸಿದಾಗ ನಾವು ಅದೇ ಗಳಿಗೆಗೆ ಮರಳಿದ್ದೇವೆಂದು ತಿಳಿಯುತ್ತದೆ.

ಮೊದಲು ನೋಡಿದವರಿಗೆ ಇದು ರುಚಿಸಲಿಲ್ಲ. ಕಾಲವನ್ನು ಹೀಗೆ ಹಿಂದುಮುಂದಾಗಿಸಿದರೆ ಪ್ರೇಕ್ಷಕರು ರೇಗುತ್ತಾರೆ ಎಂದು ಹಿತೈಷಿಗಳೇ ಎಚ್ಚರಿಸಿದರು. ಹೇಡನ್ ಅವರ ಏಜೆಂಟರೂ ಅವರಲ್ಲಿ ಒಬ್ಬರು. ಕುಬ್ರಿಕ್ ಮತ್ತು ನಿರ್ಮಾಪಕ ಜೇಮ್ಸ್ ಹ್ಯಾರಿಸ್ ನ್ಯೂಯಾರ್ಕಿನಲ್ಲಿ ಕುಳಿತು ಚಿತ್ರವನ್ನು ನೇರ ಕ್ರಮದಲ್ಲಿ ಜೋಡಿಸಿ ನೋಡಿದರು. ಅದರ ಸತ್ವವೇ ಹೋದಂತೆ ಕಂಡಿತು. ಮೊದಲಿನ ರೂಪಕ್ಕೇ ಮರಳಿದರು. ಸುಮಾರು 3,20,000 ಡಾಲರ್ ವೆಚ್ಚದ ಈ ಚಿತ್ರವನ್ನು ವಿತರಕರು ಸರಿಯಾದ ಪ್ರಚಾರವಿಲ್ಲದೆ, ಜೋಡಿ ಪ್ರದರ್ಶನದ ಎರಡನೆಯ ಚಿತ್ರವಾಗಿ ಬಿಡುಗಡೆ ಮಾಡಿದರು. ಹಾಕಿದ ಹಣ ಹಿಂದಿರುಗಲಿಲ್ಲ.

ಆದರೆ ಎಲ್ಲರೂ ಉಪೇಕ್ಷಿಸಲಿಲ್ಲ. ‘ಟೈಮ್’ ಪತ್ರಿಕೆಯ ವಿಮರ್ಶಕರು ಕುಬ್ರಿಕ್‌ನ ದಿಟ್ಟತನ ಕಂಡು ಆರ್ಸನ್ ವೆಲ್ಸ್‌ನನ್ನು ನೆನೆದರು. ನಟ ಕರ್ಕ್ ಡಗ್ಲಸ್ ಚಿತ್ರವನ್ನು ನೋಡಿ ಮೆಚ್ಚಿದರು. 1957ರ ‘ಪಾಥ್ಸ್ ಆಫ್ ಗ್ಲೋರಿ’ಗೆ ಅದೇ ದಾರಿಯಾಯಿತು. ಮುಂದೆ 1992ರಲ್ಲಿ ‘ರಿಸರ್ವಾಯರ್ ಡಾಗ್ಸ್’ ತೆಗೆದ ಕ್ವೆಂಟಿನ್ ಟ್ಯಾರಂಟಿನೊ ಈ ಚಿತ್ರದ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಯಾವುದನ್ನು ದೋಷವೆಂದಿದ್ದರೋ ಅದನ್ನೇ ಮುಂದಿನ ಪೀಳಿಗೆ ಗುಣವೆಂದು ಕಲಿತುಕೊಂಡಿತು.

ಕೊನೆಯ ದೃಶ್ಯವನ್ನು ಮರೆಯಲಾರೆ. ವಿಮಾನ ನಿಲ್ದಾಣದಲ್ಲಿ ಪುಟ್ಟ ನಾಯಿಯೊಂದು ಅಡ್ಡ ಬರುತ್ತದೆ. ಸಾಮಾನಿನ ಗಾಡಿ ಪಕ್ಕಕ್ಕೆ ತಿರುಗುತ್ತದೆ, ಪೆಟ್ಟಿಗೆ ಬಿದ್ದು ತೆರೆದುಕೊಳ್ಳುತ್ತದೆ, ನೋಟುಗಳೆಲ್ಲ ವಿಮಾನದ ಗಾಳಿಗೆ ಹಾರಿಹೋಗುತ್ತವೆ. ಮಹಾ ಯೋಜನೆಗಳು ಸಣ್ಣ ಕಾರಣಗಳಿಂದ ಕುಸಿಯುವುದನ್ನು ಚರಿತ್ರೆಯ ಅಧ್ಯಾಪಕನಿಗೆ ಬೇರೆ ಹೇಳಿಕೊಡಬೇಕೆ?

ಇಷ್ಟನ್ನೂ ಬರೆಯಲು ಒಂದು ಕಾರಣವಿದೆ. ಹಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ 1857ರ ದಂಗೆಯ ಪ್ರಶ್ನೆಗೆ ಬಹದ್ದೂರ್ ಷಾ ಜಫರನ ವಿಚಾರಣೆಯಿಂದ ಉತ್ತರ ಆರಂಭಿಸಿ, ಈ ಮುದುಕ ದೊರೆ ಇಲ್ಲಿಗೆ ಬಂದದ್ದು ಹೇಗೆಂದು ಹಿಂದೆ ಹಿಂದೆ ಸಾಗಿ ಮೀರತ್ತಿಗೆ ಬಂದು ನಿಂತಿದ್ದನು. ಸಂಗತಿಗಳೆಲ್ಲವೂ ಸರಿಯಿದ್ದವು. ನಾನು ‘ಕ್ರಮವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಅರ್ಧ ಅಂಕ ಕಳೆದೆ. ಅವನು ವಾದಿಸಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಎಲ್ಲರಂತೆಯೇ ಬರೆದನು. ನನಗೀಗ ನೋಯಿಸುವುದು ಕಳೆದ ಅಂಕವಲ್ಲ, ಆ ಎರಡನೆಯ ಉತ್ತರಪತ್ರಿಕೆ. ಕುಬ್ರಿಕ್‌ಗೆ ಮೊದಲಿನ ರೂಪಕ್ಕೆ ಮರಳುವ ಧೈರ್ಯವಿತ್ತು. ಹದಿನೈದು ವರ್ಷದ ಹುಡುಗನಿಗೆ ಗುರುವಿನ ಎದುರು ಅದು ಎಲ್ಲಿಂದ ಬರಬೇಕು?

ಅವನು ಇದನ್ನು ಓದುತ್ತಿದ್ದರೆ ತಿಳಿಯಲಿ: ಆ ಉತ್ತರದಲ್ಲಿ ಕ್ರಮವಿತ್ತು. ಅದನ್ನು ಕಾಣುವ ಕಣ್ಣು ಅಂದು ನನಗಿರಲಿಲ್ಲ.