ಇಂಜಿನ್ ಹೊಟ್ಟೆಗೆ ಕಟ್ಟಿದ ತಗಡು

(1/6)

ಮೊದಲನೇ ಫೋಟೋ ನೋಡಿ. ನನ್ನ ಬೈಕಿನ ಇಂಜಿನ್ ಅಡಿಭಾಗ ಅದು. ಬೋಲ್ಟ್ ಕೂರಬೇಕಾದ ಜಾಗದಲ್ಲಿ ಹಲ್ಲು ಕಿತ್ತ ಹಾಗೆ ತೂತು ಬಿದ್ದಿದೆಯಲ್ಲ, ಎಣ್ಣೆ ಎಲ್ಲ ಹೋಗಿದ್ದು ಅಲ್ಲಿಂದಲೇ.

ಕಳೆದ ಮಳೆಗಾಲ ಮುಗಿದ ಮೇಲೆ ಮೂಡಿಗೆರೆ ಹತ್ತಿರ ಒಂದು ಎಸ್ಟೇಟ್ ರಸ್ತೆಯಲ್ಲಿ ಕಲ್ಲಿಗೆ ತಾಗಿತು. ಟಣ್ ಅಂತ ಸದ್ದು. ಕೆಳಗೆ ದಪ್ಪ ತಗಡು ಹಾಕಿಸಿದ್ದೀನಲ್ಲ, ಏನಾಗುತ್ತೆ ಅಂದ್ಕೊಂಡು ನಿಲ್ಲಿಸದೆ ಹೋದೆ. ತಗಡಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಆದರೆ ತಗಡನ್ನು ಹಿಡಿದಿದ್ದ ಬೋಲ್ಟು ಇಂಜಿನ್ನಿಗೇ ಕೂತಿತ್ತು. ಕಲ್ಲಿನ ಏಟು ತಗಡಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಕ್ರ್ಯಾಂಕ್‌ಕೇಸಿಗೆ ಹೋಗಿ ಒಂದು ಚೂರನ್ನೇ ಕಿತ್ತುಹಾಕಿತ್ತು. ಸೋರಿದ ಎಣ್ಣೆ ತಗಡಿನ ಮೇಲೇ ನಿಂತಿದ್ದರಿಂದ ಹಿಂದೆ ಬರ್ತಿದ್ದ ಗೆಳೆಯನಿಗೂ ನೆಲದ ಮೇಲೆ ಏನೂ ಕಾಣಲಿಲ್ಲ. ಆಯಿಲ್ ಲೈಟ್ ಹತ್ತಿದ್ದನ್ನು ನಾನು ನೋಡುವ ಹೊತ್ತಿಗೆ ತಡವಾಗಿತ್ತು. ಬಿಲ್ ಎಷ್ಟಾಯ್ತು ಅಂತ ಕೇಳ್ಬೇಡಿ, ಮನೇಲೂ ಪೂರ್ತಿ ಹೇಳಿಲ್ಲ.

ಈಗ ನಮ್ಮ ಕ್ಲಾಸಿನ ಮೂವರು ಪರೀಕ್ಷೆ ಮುಗಿಸಿ ಸ್ಪಿತಿಗೆ ಹೊರಟಿದ್ದಾರೆ. ಮೂವರೂ ಅಂಥದ್ದೇ ತಗಡು ಆರ್ಡರ್ ಮಾಡಿದ್ದಾರೆ. "ದಪ್ಪ ಇದ್ದಷ್ಟೂ ಒಳ್ಳೇದು ಅಲ್ವಾ?" ಅಂತ ಮೆಸೇಜು. ಅಲ್ಲ ಮಾರಾಯ. ಯಾಕೆ ಅಲ್ಲ ಅಂತ ಹೇಳೋಕೆ ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಬನ್ನಿ.

(2/6)

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಹಾರ್ಲೆ ಡೇವಿಡ್ಸನ್ ಕೊಟ್ಟ ಬೈಕಿನ ಹೆಸರು ಡಬ್ಲ್ಯೂಎಲ್‌ಎ. 740 ಸಿಸಿ ಆಸುಪಾಸಿನ ವಿ-ಟ್ವಿನ್. ಊರಲ್ಲಿ ಓಡಾಡೋಕೆ ಇದ್ದ ಬೈಕನ್ನೇ ಯುದ್ಧಕ್ಕೆ ತಯಾರು ಮಾಡಿದ್ದು. ಕೆಸರು ಸಿಕ್ಕಿಕೊಳ್ಳದ ಹಾಗೆ ಮಡ್‌ಗಾರ್ಡ್ ಬದಲಾಯಿಸಿದರು, ಬಂದೂಕು ಇಡೋಕೆ ಚರ್ಮದ ಚೀಲ ಕೊಟ್ಟರು, ಶತ್ರುವಿಗೆ ಕಾಣದಂಥ ಮಂಕು ದೀಪ ಹಾಕಿದರು. ಜೊತೆಗೆ ಇಂಜಿನ್ ಕೆಳಗೆ ಒಂದು ಉಕ್ಕಿನ ತಗಡು. ನಾವೀಗ ಬ್ಯಾಶ್ ಪ್ಲೇಟ್, ಸ್ಕಿಡ್ ಪ್ಲೇಟ್, ಸಂಪ್ ಗಾರ್ಡ್ ಅಂತ ನಾನಾ ಹೆಸರಲ್ಲಿ ಕರೆಯೋದು ಇದರ ವಂಶದವರನ್ನೇ.

ಆ ತಗಡಿನ ಬಗ್ಗೆ ಎರಡು ವಿಷಯ ತಲೇಲಿ ಇಟ್ಕೊಳ್ಳಿ. ಒಂದು, ಅದು ಕೂತಿದ್ದದ್ದು ಫ್ರೇಮಿಗೆ, ಇಂಜಿನ್ನಿಗಲ್ಲ. ಎರಡು, ಆ ಬೈಕಿನ ಎಣ್ಣೆ ಇಂಜಿನ್ ಅಡಿಯಲ್ಲಿ ಇರಲೇ ಇಲ್ಲ, ಬೇರೆ ಟ್ಯಾಂಕ್‌ನಲ್ಲಿತ್ತು. ಇದಕ್ಕೆ ಡ್ರೈ ಸಂಪ್ ಅಂತಾರೆ. ಅಂದ್ರೆ ಕಲ್ಲು ಬಡಿದರೆ ಏಟು ಫ್ರೇಮಿಗೆ ಹೋಗ್ತಿತ್ತು, ಎಣ್ಣೆ ಮೇಲೆ ಕ್ಷೇಮವಾಗಿತ್ತು.

ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಟ್ರಯಂಫ್ ಟ್ವಿನ್‌ಗಳನ್ನು ಮೊಹಾವಿ ಮರುಭೂಮಿಗೆ ತಗೊಂಡು ಹೋದರು. ಬೇಡದ್ದೆಲ್ಲ ಬಿಚ್ಚಿ ಬಿಸಾಕಿ, ಹ್ಯಾಂಡಲ್ ಅಗಲ ಮಾಡಿ, ಅಡಿಗೆ ತಗಡು ಹೊಡೆದು ಓಡಿಸೋದು. ಡೆಸರ್ಟ್ ಸ್ಲೆಡ್ ಅಂತ ಹೆಸರಾಯ್ತು. ನಟ ಸ್ಟೀವ್ ಮೆಕ್ವೀನ್‌ಗೂ ಇದೇ ಹುಚ್ಚು. ಅವೂ ಡ್ರೈ ಸಂಪ್ ಇಂಜಿನ್‌ಗಳೇ. ಈ ಬೈಕುಗಳಿಗೆ "ದಪ್ಪ ಇದ್ದಷ್ಟೂ ಒಳ್ಳೇದು" ಅನ್ನೋ ಮಾತು ಬಹುಮಟ್ಟಿಗೆ ಸರಿಯೇ ಇತ್ತು. ಆ ಕಾಲದ ಬುದ್ಧಿಮಾತನ್ನೇ ನಾವು ಇವತ್ತಿನ ಬೈಕಿಗೂ ಹೇಳ್ತಾ ಕೂತಿದ್ದೀವಿ.

(3/6)

ಡಕಾರ್ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. 1977ರಲ್ಲಿ ತಿಯರಿ ಸಬೀನ್ ಅನ್ನೋ ಫ್ರೆಂಚ್ ರೈಡರ್ ಒಂದು ರ‍್ಯಾಲಿಯಲ್ಲಿ ಲಿಬಿಯಾದ ಮರಳುಗಾಡಿನಲ್ಲಿ ದಾರಿ ತಪ್ಪಿ ಸಾಯೋ ಹಂತಕ್ಕೆ ಹೋಗಿ ಬದುಕಿ ಬಂದ. ಬಂದವನು ಸುಮ್ಮನಿರದೆ ಎಲ್ಲರನ್ನೂ ಅಂಥ ಮರಳುಗಾಡಿಗೇ ಕರೆದುಕೊಂಡು ಹೋಗುವ ಪ್ಲಾನ್ ಹಾಕಿದ. 1978ರ ಡಿಸೆಂಬರ್ 26ಕ್ಕೆ ಪ್ಯಾರಿಸ್‌ನಿಂದ ಮೊದಲ ರ‍್ಯಾಲಿ ಹೊರಟಿತು. ಗೆದ್ದವನು ಸಿರಿಲ್ ನೆವೂ, ಯಮಹಾ ಎಕ್ಸ್‌ಟಿ 500 ಮೇಲೆ. 1980ರಲ್ಲೂ ಅವನೇ, ಅದೇ ಬೈಕು. ಅದರದೂ ಡ್ರೈ ಸಂಪ್, ಎಣ್ಣೆ ಫ್ರೇಮಿನ ಪೈಪಿನೊಳಗೇ ಇರ್ತಿತ್ತು.

1980ರಲ್ಲಿ ಬಿಎಂಡಬ್ಲ್ಯೂ ಆರ್ 80 ಜಿ/ಎಸ್ ತಂತು. ಈಗ ನಾವು ಅಡ್ವೆಂಚರ್ ಬೈಕ್ ಅನ್ನೋ ಇಡೀ ಜಾತಿಗೆ ಅಜ್ಜ ಇದೇ. 1981ರಲ್ಲಿ ಹ್ಯೂಬರ್ಟ್ ಓರಿಯೋಲ್ ಬಿಎಂಡಬ್ಲ್ಯೂ ಮೇಲೆ ಡಕಾರ್ ಗೆದ್ದ. ಇಲ್ಲಿ ಎಣ್ಣೆ ಕೆಳಗಿಳಿದು ಬಂತು. ಜಿ/ಎಸ್‌ನ ಎಣ್ಣೆ ಇಂಜಿನ್ ಅಡಿಯ ತಟ್ಟೆಯಲ್ಲೇ ಇರುತ್ತೆ. ನಮ್ಮೂರ ಮೆಕ್ಯಾನಿಕ್‌ಗಳು "ಚೇಂಬರ್ ಹೊಡೀತು" ಅಂತಾರಲ್ಲ, ಆ ಚೇಂಬರ್. ಆದರೂ ಫ್ರೇಮಿನ ಪೈಪುಗಳು ಇಂಜಿನ್ನಿನ ಕೆಳಗೆ ತೊಟ್ಟಿಲಿನ ಹಾಗೆ ಹಾದು ಹೋಗ್ತಿದ್ದವು.

ಮುಂದೆ ಆ ತೊಟ್ಟಿಲೂ ಹೋಯ್ತು. 90ರ ದಶಕದಲ್ಲಿ ಬಂದ ಆರ್ 1100 ಜಿಎಸ್‌ನಲ್ಲಿ ಇಂಜಿನ್ನೇ ಬೈಕಿನ ಬೆನ್ನುಮೂಳೆ. ಮುಂದಿನ ಸಸ್ಪೆನ್ಷನ್ನು, ಹಿಂದಿನ ಭಾಗ ಎಲ್ಲ ಬಂದು ಇಂಜಿನ್ನಿಗೇ ಕೂರುತ್ತವೆ, ಕೆಳಗೆ ಪೈಪೇ ಇಲ್ಲ. ತೂಕ ಉಳಿಯುತ್ತೆ, ಬೈಕು ಬಿಗಿಯಾಗಿರುತ್ತೆ, ಇಂಜಿನಿಯರಿಂಗ್ ದೃಷ್ಟಿಯಿಂದ ಒಳ್ಳೇ ಕೆಲಸ. ಆದರೆ ಇಂಥ ಬೈಕಿಗೆ ತಗಡು ಹಾಕೋದಾದರೆ ಬೋಲ್ಟ್ ಎಲ್ಲಿಗೆ ಹಾಕ್ತೀರಿ? ಇಂಜಿನ್ನಿಗೇ! ಯಾವುದನ್ನು ಕಾಪಾಡಬೇಕೋ ಅದರ ಮೈಗೇ ಗುರಾಣಿಯನ್ನು ಮೊಳೆ ಹೊಡೆದ ಹಾಗೆ.

(4/6)

ಈಗ ನಮ್ಮ ಕಡೆ ಬರೋಣ.

ಲಡಾಖ್ ಹುಚ್ಚು ಹಿಡಿಸಿದ್ದು ಬುಲೆಟ್. ಅದಕ್ಕೂ ಇಂಜಿನ್ ಕೆಳಗೆ ಫ್ರೇಮ್ ಪೈಪ್ ಇರಲಿಲ್ಲ. ಮುಂದಿನ ಒಂಟಿ ಪೈಪು ಇಂಜಿನ್ ಮುಂಭಾಗದವರೆಗೆ ಬಂದು ನಿಲ್ಲುತ್ತೆ, ಉಳಿದ ಭಾರ ಹೊರೋದು ಇಂಜಿನ್ನೇ. 2016ರಲ್ಲಿ ಬಂದ 411 ಸಿಸಿ ಹಿಮಾಲಯನ್‌ನಲ್ಲಿ ಕೆಳಗೆ ತೊಟ್ಟಿಲಿನಂಥ ಪೈಪುಗಳು ಬಂದವು, ಕಂಪನಿಯೇ ಕೊಟ್ಟ ತಗಡೂ ಬಂತು, ನೆಲದಿಂದ 220 ಮಿ.ಮೀ. ಎತ್ತರ. 2023ರ ಹಿಮಾಲಯನ್ 450ರಲ್ಲಿ ಎತ್ತರ 230 ಮಿ.ಮೀ. ಆಯ್ತು, ಆದರೆ ಇಂಜಿನ್ ಮತ್ತೆ ಫ್ರೇಮಿನ ಭಾಗವಾಯ್ತು. ಹೆಸರು ಒಂದೇ, ಹೊಟ್ಟೆಯ ಕಥೆ ಬೇರೆ. ಹಳೇದಕ್ಕೆ ಚೆನ್ನಾಗಿ ಒಪ್ಪಿದ ತಗಡಿನ ರಿವ್ಯೂ ಓದಿ ಹೊಸದಕ್ಕೆ ಅಂಥದ್ದೇ ಹುಡುಕೋರಿಗೆ ಇದು ಗೊತ್ತಿರಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ನೆಲದಿಂದ ಎತ್ತರ ಅಂದ್ರೆ ಬೈಕಿನ ಅತಿ ಕೆಳಗಿನ ಬಿಂದುವಿಗೆ ಇರೋ ಅಂತರ. ಎರಡು ಸೆಂಟಿಮೀಟರ್ ಕೆಳಗೆ ಇಳಿಯೋ ತಗಡು ಹಾಕಿದ್ರೆ ದುಡ್ಡು ಕೊಟ್ಟು ತಂದ 220ನ್ನು ನೀವೇ 200 ಮಾಡ್ಕೊಂಡ ಹಾಗೆ.

ನಮ್ಮವರೂ ಡಕಾರ್‌ಗೆ ಹೋಗಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೇ ಸ್ಥಾನ ಪಡೆದು ಡಕಾರ್ ಮುಗಿಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ (ಹೌದು, ಬಿಗ್ ಬಾಸ್ ಅರವಿಂದೇ) ಎರಡು ಸಲ ಅರ್ಧಕ್ಕೇ ಹೊರಬಂದು 2019ರಲ್ಲಿ 37ನೆಯವರಾಗಿ ಮುಗಿಸಿದರು. ಇಂಥ ರ‍್ಯಾಲಿ ಬೈಕುಗಳ ಹೊಟ್ಟೆ ನೋಡಿ, ನಾಲ್ಕನೇ ಫೋಟೋ. ಅಲ್ಲಿರೋದು ಸಾಮಾನ್ಯವಾಗಿ ಕಾರ್ಬನ್ ಫೈಬರ್ ಬುಟ್ಟಿ. ಅದರೊಳಗೇ ತುರ್ತು ನೀರು, ಟೂಲ್ಸ್. ಒಂದು ರ‍್ಯಾಲಿಗೆ ಒಂದು ಬುಟ್ಟಿ ಒಡೆದು ಹೋದರೂ ಅವರಿಗೆ ಚಿಂತೆ ಇಲ್ಲ, ಇಂಜಿನ್ ಉಳಿದರೆ ಸಾಕು. ನಾವು ಉಲ್ಟಾ. ತಗಡಿಗೆ ಒಂದು ನುಗ್ಗು ಬಿದ್ದರೂ "ಕಳಪೆ ಮಾಲು" ಅಂತ ಒಂದು ಸ್ಟಾರ್ ಕೊಡ್ತೀವಿ.

(5/6)

ಸರಿ, ಲೋಹದ ವಿಷಯ. ಇದು ಹೈಸ್ಕೂಲ್ ಲೆಕ್ಕ, ಹೆದರ್ಬೇಡಿ.

ಒಂದು ಚದರ ಅಡಿ ಹಾಳೆ ತಗೊಳ್ಳಿ. 4 ಮಿ.ಮೀ. ಅಲ್ಯೂಮಿನಿಯಂ ಆದರೆ ಸುಮಾರು 1 ಕೆಜಿ. 2 ಮಿ.ಮೀ. ಉಕ್ಕು ಆದರೆ ಸುಮಾರು ಒಂದೂವರೆ ಕೆಜಿ. ಉಕ್ಕು ಗಟ್ಟಿ ಅಂತ ಎಲ್ಲರ ನಂಬಿಕೆ. ಆದರೆ ಹಾಳೆಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಉಕ್ಕು ಲೋಹವಾಗಿ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಬಿಗಿ ಅಂತ ಇಟ್ಕೊಂಡರೂ, ಎಂಟನ್ನು ಮೂರರಿಂದ ಭಾಗಿಸಿ. 4 ಮಿ.ಮೀ. ಅಲ್ಯೂಮಿನಿಯಂ ಹಾಳೆ ಬಾಗೋದರಲ್ಲಿ 2 ಮಿ.ಮೀ. ಉಕ್ಕಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಿಗಿ, ತೂಕದಲ್ಲಿ ಕಮ್ಮಿ. ಮಾರ್ಕೆಟ್ಟಲ್ಲಿ 4 ಮಿ.ಮೀ. ಅಲ್ಯೂಮಿನಿಯಂ ಅಷ್ಟೊಂದು ಕಾಣೋದು ಇದಕ್ಕೇ.

ಅಲ್ಯೂಮಿನಿಯಂನಲ್ಲೂ ಜಾತಿ ಇದೆ. 6061 ಗಟ್ಟಿ, ಆದರೆ ಹದ ಮಾಡಿದ ಮೇಲೆ ಚೂಪಾಗಿ ಮಡಚಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತೆ. 5052 ಅಷ್ಟು ಗಟ್ಟಿ ಅಲ್ಲ, ಮಡಚಿದರೆ ಮಡಚಿಕೊಳ್ಳುತ್ತೆ. "ಏರ್‌ಕ್ರಾಫ್ಟ್ ಗ್ರೇಡ್" ಅಂತ ಮಾತ್ರ ಬರೆದಿದ್ದರೆ ಅದು ಏನೂ ಹೇಳಲ್ಲ. ನಂಬರ್ ಕೇಳಿ.

ಪ್ಲಾಸ್ಟಿಕ್ ಅಂದ್ರೆ ಮೂಗು ಮುರೀಬೇಡಿ. ಎಂಡ್ಯೂರೋ ಓಡಿಸೋರು ದಪ್ಪ ಪಾಲಿಥೀನ್ ಪ್ಲೇಟ್ ಬಹಳ ಬಳಸ್ತಾರೆ. ಅಲ್ಯೂಮಿನಿಯಂ ಕಲ್ಲನ್ನು ಕಚ್ಚುತ್ತೆ, ಇದು ಜಾರುತ್ತೆ. ತಗ್ಗಿ ಮತ್ತೆ ಎದ್ದು ನಿಲ್ಲುತ್ತೆ. ಲೋಹದ ತಗಡಿನ ಹಾಗೆ ಇಂಜಿನ್ ಸದ್ದನ್ನು ಮೇಲಕ್ಕೆ ಎಸೆಯಲ್ಲ. ಆದರೆ ತಗ್ಗೋಕೆ ಜಾಗ ಬೇಕು, ಸೈಲೆನ್ಸರ್ ಪೈಪಿನ ಬಿಸಿಯಿಂದ ದೂರ ಇರಬೇಕು.

ನನ್ನ ಅಭಿಪ್ರಾಯ ಇಷ್ಟು. ಕೆಳಗೆ ಫ್ರೇಮ್ ಪೈಪ್ ಇದ್ದು ತಗಡು ಅದಕ್ಕೇ ಕೂರೋದಾದರೆ ದಪ್ಪ ಅಲ್ಯೂಮಿನಿಯಂ ಧೈರ್ಯವಾಗಿ ಹಾಕಿ. ಇಂಜಿನ್ನಿಗೇ ಕೂರೋದಾದರೆ ನಿಮಗೆ ಬೇಕಾಗಿರೋದು ಸೋಲೋ ತಗಡು. ಮೊದಲು ತಗಡು ಬಾಗಬೇಕು, ಆಮೇಲೆ ಬೋಲ್ಟ್ ಮುರೀಬೇಕು, ಕ್ರ್ಯಾಂಕ್‌ಕೇಸ್ ಕೊನೇಗೆ. ನನ್ನ ಬೈಕಲ್ಲಿ ಈ ಸಾಲು ತಲೆಕೆಳಗಾಗಿತ್ತು. ಬರೀ ಎರಡು ಬೋಲ್ಟ್, ರಬ್ಬರ್ ಬುಷ್ ಇಲ್ಲ, ನಡುವೆ ಬೆರಳು ತೂರೋಕೂ ಜಾಗ ಇಲ್ಲ. ಅಂಗಡಿಯವರು "ರಾಕ್ ಸಾಲಿಡ್ ಸರ್" ಅಂದಿದ್ರು. ನಿಜವೇ ಹೇಳಿದ್ರು ಪಾಪ.

(6/6)

ಸ್ಪಿತಿಗೆ ಹೊರಟಿರೋ ಮೂವರೂ ಕೇಳಿ. ಇವತ್ತು ಸಂಜೆ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ಒಂದು ಹಳೇ ಬೆಡ್‌ಶೀಟ್ ಹಾಸಿ, ಅಂಗಾತ ಮಲಗಿ, ಬೈಕಿನ ಹೊಟ್ಟೆ ನೋಡಿ. ಟಾರ್ಚ್ ಬೇಕು. ಪೈಪ್ ಇದೆಯಾ, ಇಲ್ಲವಾ? ಕಂಪನಿ ಕೊಟ್ಟಿರೋ ತಗಡು ಎಲ್ಲಿ ಕೂತಿದೆ? ಡ್ರೇನ್ ಬೋಲ್ಟ್ ಎಲ್ಲಿ? ಆಮೇಲೆ ನೀವು ಆರ್ಡರ್ ಮಾಡಿರೋ ತಗಡಿನ ಫೋಟೋದಲ್ಲಿ ಬೋಲ್ಟ್ ತೂತುಗಳನ್ನು ಹುಡುಕಿ. ಕೆಸರು, ಸಣ್ಣ ಕಲ್ಲು ಹೊರಗೆ ಹೋಗೋಕೆ, ಎಣ್ಣೆ ಸೋರಿದರೆ ಕಾಣೋಕೆ ಕಿಂಡಿ ಇದೆಯಾ ಅಂತಲೂ ನೋಡಿ.

ದಾರೀಲಿ ಟಣ್ ಅಂದ್ರೆ ನಿಲ್ಲಿಸಿ. ತಗಡು ಎಂಥದ್ದೇ ಇರಲಿ, ನಿಲ್ಲಿಸಿ, ಬಗ್ಗಿ, ತಗಡಿನ ಒಳಗೆ ಬೆರಳು ಹಾಕಿ ನೋಡಿ. ಬೆರಳು ಎಣ್ಣೆಯಾದರೆ ಇಂಜಿನ್ ಆಫ್.

ನನ್ನ ಕ್ರ್ಯಾಂಕ್‌ಕೇಸಿಗೆ ಆರ್ಗಾನ್ ವೆಲ್ಡಿಂಗ್ ಆಗಿದೆ. ಕೊನೇ ಫೋಟೋದಲ್ಲಿ ಬೆಳ್ಳಗೆ ಕಾಣೋ ಗಾಯ ಅದೇ. ಹಳೇ ತಗಡನ್ನು ರೂಮಲ್ಲಿ ಶೂ ಇಡೋಕೆ ಬಳಸ್ತಿದ್ದೀನಿ, ಇನ್ನೂ ಒಂದು ಗೀರೂ ಇಲ್ಲ. ಮೂವರಲ್ಲಿ ಒಬ್ಬ ನಿನ್ನೆ ರಾತ್ರಿ ಆರ್ಡರ್ ಕ್ಯಾನ್ಸಲ್ ಮಾಡಿದ. ಇನ್ನಿಬ್ಬರನ್ನು ಕೆಳಗೆ ಟ್ಯಾಗ್ ಮಾಡಿದ್ದೀನಿ, ಪಾರ್ಸೆಲ್ ಇನ್ನೂ ಹೊರಟಿಲ್ಲ.