ವಿಶ್ರಾಮಬಾಗದ ಬಾಡಿಗೆ ಮನೆಗಳು: ಭೋಗ್ಯದಿಂದ ಮರುಸಾಲದವರೆಗೆ

ಸಾಂಗ್ಲಿಯಿಂದ ಮಿರಜಿಗೆ ಹೋಗುವ ಹಾದಿಯಲ್ಲಿರುವ ವಿಶ್ರಾಮಬಾಗವು ಕನ್ನಡಿಗರಿಗೆ ಅಪರಿಚಿತ ನೆಲವಲ್ಲ. 1919ರಲ್ಲಿ ಇಲ್ಲಿ ಸ್ಥಾಪನೆಯಾದ ವಿಲಿಂಗ್ಡನ್ ಕಾಲೇಜಿಗೆ ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದರು, ರಂ. ಶ್ರೀ. ಮುಗಳಿಯವರು ಅಲ್ಲಿ ಕನ್ನಡವನ್ನು ಬೋಧಿಸಿದರು. 1947ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಮುಂದೆ ವಾಲಚಂದ್ ಹೆಸರನ್ನು ಪಡೆಯಿತು. ಓದಲು ಬಂದವರಿಗೆ ಕೋಣೆ ಬೇಕು. ಇಲ್ಲಿಯ ಬಾಡಿಗೆಯ ಆಧಾರವೇ ಅದು.

ಸಾಂಗ್ಲಿ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಪ್ರಾಂತದ 1947ರ ಬಾಡಿಗೆ ಕಾಯಿದೆಯು, ತಾನು ಅನ್ವಯಿಸಿದ ನಗರಗಳಲ್ಲಿ, ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರನಿಗೆ ಅದು ಆಸರೆಯಾಯಿತು, ನಿಜ. ಆದರೆ ಸುಣ್ಣ ಬಳಿಯುವ ಖರ್ಚೂ ಹುಟ್ಟದಿದ್ದಾಗ ಮಾಲೀಕನು ದುರಸ್ತಿಯನ್ನೇ ಕೈಬಿಟ್ಟನು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅವಕಾಶವಿತ್ತು, ಕರಾರನ್ನು ಲಿಖಿತವಾಗಿ ನೋಂದಾಯಿಸುವುದನ್ನು ಕಡ್ಡಾಯಗೊಳಿಸಿತು.

ಮನೆಯನ್ನು ಒತ್ತೆಯಿಟ್ಟು ಹಣ ಪಡೆಯುವುದು ನಮಗೆ ಹಳೆಯ ವಿದ್ಯೆ. ಭೋಗ್ಯದಲ್ಲಿ ಹಣ ಕೊಟ್ಟವನು ಮನೆಯಲ್ಲಿ ವಾಸಿಸುತ್ತಾನೆ. ಬಾಡಿಗೆಯೂ ಇಲ್ಲ, ಬಡ್ಡಿಯೂ ಇಲ್ಲ. ಅವಧಿ ಮುಗಿದಾಗ ಅಸಲು ಮರಳಿಸಿ ಮನೆ ಬಿಡಿಸಿಕೊಳ್ಳಬೇಕು. ಇಂದಿನ ಮರುಸಾಲದಲ್ಲಿ ಮನೆ ನಮ್ಮ ಕೈಯಲ್ಲೇ ಉಳಿಯುತ್ತದೆ, ಆದರೆ ಕಂತು ತಪ್ಪುವಂತಿಲ್ಲ.

ಒಂದು ಲೆಕ್ಕ ಊಹಿಸೋಣ. 20 ಲಕ್ಷಕ್ಕೆ ಹಳೆಯ ಮನೆಯೊಂದನ್ನು ಕೊಂಡು, 5 ಲಕ್ಷದಲ್ಲಿ ದುರಸ್ತಿ ಮಾಡಿಸಿದಾಗ ಅದರ ಬೆಲೆ 35 ಲಕ್ಷವಾಯಿತೆನ್ನಿ. ಬ್ಯಾಂಕು ಅದರ ಶೇಕಡಾ 60 ಸಾಲ ಕೊಟ್ಟರೆ 21 ಲಕ್ಷ ಕೈಗೆ ಮರಳುತ್ತದೆ. ಅದರಿಂದ ಎರಡನೆಯ ಮನೆ, ಅದರ ಮೇಲೆ ಮೂರನೆಯದು! ಆದರೆ ಶೇಕಡಾ 10ರ ಬಡ್ಡಿಯೇ ತಿಂಗಳಿಗೆ 17,500 ರೂಪಾಯಿ. ಒಂದು ಸಂಸಾರ 9,000 ಬಾಡಿಗೆ ಕೊಟ್ಟರೆ ಅರ್ಧ ಬಡ್ಡಿಯಷ್ಟೇ ತೀರುತ್ತದೆ. ಅದೇ ಮನೆಯಲ್ಲಿ ಎಂಟು ವಿದ್ಯಾರ್ಥಿಗಳು ತಲೆಗೆ 2,500ರಂತೆ ಇದ್ದರೆ 20,000 ಬರುತ್ತದೆ. ಕಾಲೇಜುಗಳ ಸುತ್ತ ಮನೆಗಿಂತ ಮಂಚಕ್ಕೆ ಬಾಡಿಗೆ ಕೇಳುವುದರ ಮರ್ಮ ಇದೇ.

ಈ ಲೆಕ್ಕ ನಿಂತಿರುವುದು ಮಾತ್ರ ತುಂಬಿದ ಕೋಣೆಗಳ ಮೇಲೆ. 2020ರಲ್ಲಿ ಕಾಲೇಜುಗಳು ಮುಚ್ಚಿ ವಿದ್ಯಾರ್ಥಿಗಳು ಊರಿಗೆ ಮರಳಿದಾಗ ಮಂಚಗಳು ಬರಿದಾದವು; ಮುಂದೂಡಿದ ಕಂತಿಗೂ ಬಡ್ಡಿ ಬೆಳೆಯಿತು. ಒಂದು ಮನೆಯ ಸಾಲದಿಂದ ಇನ್ನೊಂದನ್ನು ಕೊಂಡವನಿಗೆ ಸಂಕಟವೂ ಸರಪಳಿಯಂತೆ ಬಂದಿತು.

ಹಿರಿಯರು ಭೋಗ್ಯವನ್ನು ಆಪತ್ತಿಗೆ ಮೀಸಲಿಟ್ಟಿದ್ದರು; ನಾವು ಅದನ್ನು ಗಳಿಕೆಯ ದಾರಿ ಮಾಡಿಕೊಂಡೆವು. ತಪ್ಪೇನಿಲ್ಲ. ಆದರೆ ಎರಡನೆಯ ಮನೆಗೆ ಕೈಹಾಕುವ ಮುನ್ನ, ಆರು ತಿಂಗಳು ಬಾಡಿಗೆ ಬಾರದಿದ್ದರೂ ನಾವು ವಾಸಿಸುವ ಮನೆ ಉಳಿಯುವುದೇ ಎಂದು ಕುಟುಂಬವೆಲ್ಲ ಕುಳಿತು ಲೆಕ್ಕಹಾಕುವುದು ಲೇಸು.